ಗುಟ್ಟಿನ ತಿಜೋರಿ ಜೋಡಿಸುವ ಕ್ರಮ

ಮೊದಲು ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರ್ ಇಳಿಸಿರಿ. ಜುಲೈ ಹಾಳೆ ತಿರುವಿ, ಹಿಂಬದಿಯಲ್ಲಿ ಹಾಲಿನ ಲೆಕ್ಕದ ಕೆಳಗೆ ಅಂಗೈ ಅಗಲದ ಜಾಗ ಉಳಿದಿದೆಯೇ ನೋಡಿರಿ. ಉಳಿದಿದ್ದರೆ ಪೆನ್ಸಿಲಿನಲ್ಲಿ ಒಂದು ಚೌಕ ಗೀಚಿ, ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಸಿಕ್ಕಿಸಿರಿ. ಈ ಚೌಕ ಮುಂದೆ ಬೇಕಾಗುತ್ತದೆ.

ಇನ್ನು ಕೆಲಸಕ್ಕೆ ಕೂಡಿರಿ. ನೀವು ಜತ್ತ ತಾಲೂಕಿನವರು. ಉಮದಿಯಲ್ಲೋ ಸಂಖದಲ್ಲೋ ಮುಚ್ಚಂಡಿಯಲ್ಲೋ ಮಾಳಿಗೆಯ ಖೋಲಿಯಲ್ಲಿ ಕುಳಿತು ಪುಣೆಯ ಕಂಪನಿಯ ಸರ್ವರ್ ನೋಡಿಕೊಳ್ಳುತ್ತೀರಿ. ಕಂಪನಿಯ ಕಂಟೇನರ್ ಕ್ಲಸ್ಟರನ್ನು ಗುಟ್ಟು ಕಾಯುವ ಹೊರಗಿನ ಸರ್ವರಿಗೆ ಶುಕ್ರವಾರದೊಳಗೆ ಜೋಡಿಸಬೇಕೆಂದು ಹುಕುಂ ಬಂದಿದೆ. ಹೆದರಬೇಡಿರಿ. ಈ ಕೆಲಸವನ್ನು ನಾನು ಎಷ್ಟೋ ಸಲ ಕೆಡಿಸಿದ್ದೇನೆ. ಕೆಡಿಸುವುದರಲ್ಲೂ ಈಗ ಒಂದು ಹದ ಬಂದಿದೆ.

"ಏನ್ ಕೆಲಸ ಅಂತಪಾ ಇದು, ದಿನಪೂರ್ತಿ ಬರೇ ಕಟಕಟ ಬಡಿಯೂದು?" ಎಂದು ಅವ್ವ ಕೇಳಿದರೆ, ಮುಕಾದಮನ ಕೆಲಸ ಎನ್ನಿರಿ. ನಮ್ಮ ತಾಲೂಕಿನಿಂದ ಪ್ರತಿ ವರ್ಷ ಕಬ್ಬು ಕಡಿಯಲು ಟೋಳಿಗಳು ಹೋಗುವುದನ್ನು ಆಕೆ ಕಂಡಿದ್ದಾಳೆ. ಮುಕಾದಮನ ಕೈಯಲ್ಲೊಂದು ಯಾದಿ ಇರುತ್ತದೆ. ಒಬ್ಬ ಜ್ವರ ಬಂದು ಮಲಗಿದರೆ ಅವನು ಇನ್ನೊಬ್ಬನನ್ನು ಫಡಕ್ಕೆ ಇಳಿಸುತ್ತಾನೆ. ಯಾರು ಮಲಗಿದರು, ಯಾರು ಎದ್ದರು ಎಂಬುದು ಕಾರ್ಖಾನೆಗೆ ಬೇಕಿಲ್ಲ, ಕೋಯತಾಗಳ ಎಣಿಕೆ ಸರಿ ಇದ್ದರೆ ಸಾಕು. ಗೂಗಲ್‌ನವರು 2014ರಲ್ಲಿ ಹೊರಗೆ ಬಿಟ್ಟ ಕುಬರ್ನೆಟಿಸ್ ಅಂಥದೇ ಮುಕಾದಮ. ಕಂಟೇನರುಗಳು ಅದರ ಟೋಳಿ. ಸತ್ತದ್ದರ ಜಾಗಕ್ಕೆ ಹೊಸದನ್ನು ನಿಲ್ಲಿಸುವುದೇ ಅದರ ಕಸುಬು. ಹೀಗೆ ದಿನಕ್ಕೆ ನೂರು ಸಲ ಹುಟ್ಟಿ ಸಾಯುವ ಈ ಕೂಲಿಗಳಿಗೆ ಡೇಟಾಬೇಸಿನ ಪಾಸ್‌ವರ್ಡ್ ಬೇಕು, ಪಾವತಿ ಕಂಪನಿಯ ಕೀಲಿ ಬೇಕು. ಯಾರು ಕೊಡಬೇಕು, ಯಾರ ಕೈಗೆ ಕೊಡಬೇಕು ಎಂಬುದೇ ನಿಮ್ಮ ಶುಕ್ರವಾರದ ತಲೆನೋವು.

ಈವರೆಗೆ ಗುಟ್ಟುಗಳು ಎಲ್ಲಿದ್ದವು ಎಂದು ಒಮ್ಮೆ ಇಣುಕಿರಿ. ಮುಕಾದಮನ ವಹಿಯಲ್ಲೇ ಇದ್ದವು. ಎಟ್‌ಸಿಡಿ ಎಂಬುದು ಆ ವಹಿಯ ಹೆಸರು. ನೀವಾಗಿ ಹೇಳದ ಹೊರತು ಅದಕ್ಕೆ ಬೀಗ ಬೀಳುವುದಿಲ್ಲ. ಯಾರಾದರೂ ಕೇಳಿದರೆ ಗುಟ್ಟನ್ನು ಬೇಸ್64 ಎಂಬ ಬರವಣಿಗೆಯಲ್ಲಿ ತೋರಿಸುತ್ತದೆ. ಉದ್ದ ಸಾಲು, ಅರ್ಥವಾಗದ ಅಕ್ಷರ, ಬಹಳ ಸಲ ಕೊನೆಗೊಂದೋ ಎರಡೋ ಸಮಚಿಹ್ನೆ. ನೋಡಿದವರಿಗೆ ಭಯಭಕ್ತಿ ಹುಟ್ಟುತ್ತದೆ. ನಿಮ್ಮ ಅಜ್ಜನ ಟ್ರಂಕಿನಲ್ಲಿರುವ ಮೋಡಿ ಲಿಪಿಯ ಕಾಗದ ನೆನಪಿಸಿಕೊಳ್ಳಿರಿ. ಜತ್ತ ಇನ್ನೂ ಡಫಳೆಯವರ ಸಂಸ್ಥಾನವಾಗಿದ್ದಾಗಿನ, ಅಂದರೆ 1948ಕ್ಕೆ ಮುಂಚಿನ ಜಮೀನು ಕಾಗದ. ಮನೆಯಲ್ಲಿ ಯಾರಿಗೂ ಓದಲು ಬಾರದ್ದರಿಂದ ಅದು ಭದ್ರವಾಗಿದೆ ಎಂದು ಮೂರು ತಲೆಮಾರು ನಂಬಿಕೊಂಡು ಬಂದಿದೆ. ಮೋಡಿ ಬಲ್ಲ ಹಿರಿಯರೊಬ್ಬರು ಮನೆಗೆ ಬಂದರೆ, ಕಪ್ಪಿನ ಚಹಾ ಆರುವುದರೊಳಗೆ ಯಾರ ಹೊಲ ಯಾರ ಹೆಸರಿಗೆ ಸರಿದಿದೆ ಎಂದು ಓದಿ ಹೇಳುತ್ತಾರೆ. ಬೇಸ್64 ಓದಲು ಚಹಾದ ಖರ್ಚೂ ಇಲ್ಲ. ಆದ್ದರಿಂದ ಸಭೆಯಲ್ಲಿ ಎನ್‌ಕೋಡ್ ಎನ್ನಬೇಕಾದಲ್ಲೆಲ್ಲ ಎನ್‌ಕ್ರಿಪ್ಟ್ ಎನ್ನಿರಿ. ಎರಡಕ್ಕೂ ವ್ಯತ್ಯಾಸವೇನು ಎಂದು ಕೇಳುವ ಹುಡುಗನನ್ನು ಮುಂದಿನ ಸಭೆಗೆ ಕರೆಯಬೇಡಿರಿ.

ಈಗ ತಿಜೋರಿ. ಹಾಶಿಕಾರ್ಪ್ ಕಂಪನಿ 2015ರಲ್ಲಿ ತಂದ ವಾಲ್ಟ್ ಎಂಬುದನ್ನು ಆರಿಸಿಕೊಳ್ಳಿರಿ. ಇದೇ ಯಾಕೆ ಎಂದು ಯಾರಾದರೂ ಕೇಳಲಿ ಎಂದೇ ಕಾಯಿರಿ, ಏಕೆಂದರೆ ಅಲ್ಲಿ ಕಾಲಹರಣಕ್ಕೆ ಒಳ್ಳೆಯ ಸಾಮಗ್ರಿ ಇದೆ: 2023ರ ಆಗಸ್ಟಿನಲ್ಲಿ ಅದರ ಲೈಸೆನ್ಸ್ ಬದಲಾಯಿತು, ಮುನಿದವರು ಓಪನ್‌ಬಾವೊ ಎಂದು ಬೇರೆ ಒಲೆ ಹೂಡಿದರು, 2025ರಲ್ಲಿ ಐಬಿಎಂ ಮೂಲ ಕಂಪನಿಯನ್ನೇ ಕೊಂಡುಕೊಂಡಿತು. ಇಷ್ಟರ ಮೇಲೆ ಮೂರು ಸಭೆ ನಡೆಸಬಹುದು. ಶುಕ್ರವಾರ ತಾನಾಗಿ ಮುಂದಿನ ಶುಕ್ರವಾರವಾಗುತ್ತದೆ.

ಹೊರಗಿನ ಸರ್ವರ್ ಎಂದರೆ ಕ್ಲಸ್ಟರಿನ ಹೊರಗಿರುವುದು. ಎಷ್ಟು ಹೊರಗೆ ಎಂದು ಹುಕುಮಿನಲ್ಲಿ ಬರೆದಿಲ್ಲ. ಗೋಡ್ರೆಜ್ ಕಪಾಟಿನ ಮೇಲಿರುವ ಹಳೇ ಲ್ಯಾಪ್‌ಟಾಪ್ ಸಾಕಷ್ಟು ಹೊರಗಿದೆ. ಧೂಳು ಒರೆಸಿ ಅದರಲ್ಲಿ ವಾಲ್ಟನ್ನು ಡೆವ್ ಮೋಡಿನಲ್ಲಿ ಶುರು ಮಾಡಿರಿ. ಒಂದೇ ಸಾಲಿನ ಆದೇಶಕ್ಕೆ ಎದ್ದು ನಿಲ್ಲುತ್ತದೆ. ಬೀಗ ತೆರೆದೇ ಇರುತ್ತದೆ, ಎಲ್ಲ ಬಾಗಿಲಿಗೂ ಸಲ್ಲುವ ರೂಟ್ ಟೋಕನನ್ನು ತಾನೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಇದನ್ನು ನಿಜವಾದ ಕೆಲಸಕ್ಕೆ ಬಳಸಲೇಬಾರದು ಎಂದು ಕೆಳಗೆ ಬರೆದಿರುತ್ತದೆ. ಪರದೆಯನ್ನು ಅಷ್ಟು ಕೆಳಗೆ ಸರಿಸಬೇಡಿರಿ. ಇಟ್ಟದ್ದೆಲ್ಲ ಬರೀ ಮೆಮರಿಯಲ್ಲಿ ಇರುವುದರಿಂದ, ಲ್ಯಾಪ್‌ಟಾಪ್ ಒಮ್ಮೆ ಆರಿದರೆ ಗುಟ್ಟುಗಳ ಹೆಸರು ನಿಶಾನಿ ಉಳಿಯುವುದಿಲ್ಲ. ಇದಕ್ಕಿಂತ ಭದ್ರವಾದ ತಿಜೋರಿ ಲೋಕದಲ್ಲಿಲ್ಲ. ಕಳ್ಳನಿಗೂ ಸಿಗದು, ಮಾಲೀಕನಿಗೂ ಸಿಗದು.

ಎರಡು ದಿನದಲ್ಲಿ ನಾಲ್ಕು ಸಲ ಕರೆಂಟ್ ಹೋದ ಮೇಲೆ ಮೇಲಿನವರು, ಸರಿಯಾದ ವಾಲ್ಟ್ ಹಾಕಿ ಎಂದು ಹಟ ಹಿಡಿಯುತ್ತಾರೆ. ಹಾಕಿರಿ. ಅದು ಮೊದಲ ಸಲ ಏಳುವಾಗ ಐದು ಕೀಲಿತುಣುಕು ಕೊಡುತ್ತದೆ. ಐದರಲ್ಲಿ ಯಾವ ಮೂರು ಕೂಡಿದರೂ ಬಾಗಿಲು ತೆರೆಯುತ್ತದೆ, ಎರಡರಿಂದ ಕೂದಲೂ ಅಲುಗದು. ಇಸ್ರೇಲಿನ ಆದಿ ಶಮೀರ್ 1979ರಲ್ಲಿ ಬರೆದಿಟ್ಟ ಲೆಕ್ಕ ಇದು. ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಬಿಡಿಸಿದ ಪ್ಯಾರಾಬೋಲಾ ನೆನಪಿದ್ದರೆ ಸಾಕು. ಮೂರು ಚುಕ್ಕೆ ಕೈಯಲ್ಲಿದ್ದರೆ ಅವುಗಳ ಮೇಲೆ ಹಾಯುವ ಗೆರೆ ಒಂದೇ. ಎರಡೇ ಇದ್ದರೆ ಎಷ್ಟು ಗೆರೆಯನ್ನಾದರೂ ಎಳೆಯಬಹುದು, ನಿಜವಾದದ್ದು ಯಾವುದೆಂದು ತಿಳಿಯುವಂತಿಲ್ಲ. ನಮ್ಮ ಊರುಗಳ ಗುಡಿಯಲ್ಲಿ ಹುಂಡಿ ತೆಗೆಯುವ ದಿನ ಗಣಿತವಿಲ್ಲದೆಯೇ ಇದೇ ನಡೆಯುತ್ತದೆ. ಗೌಡರು ಬರಬೇಕು, ಪೂಜಾರಿ ಬರಬೇಕು, ಪಂಚರು ಬರಬೇಕು. ಒಬ್ಬ ಲಗ್ನಕ್ಕೆ ಹೋಗಿದ್ದರೆ ಉಳಿದವರು ಕಟ್ಟೆಯ ಮೇಲೆ ಕುಳಿತು ತಂಬಾಕು ತಿಕ್ಕುತ್ತ ಕಾಯುತ್ತಾರೆ. ಒಬ್ಬರಿಗೊಬ್ಬರ ಮೇಲೆ ಇರುವ ಆ ಅಪನಂಬಿಕೆಯಿಂದಲೇ ದೇವರ ದುಡ್ಡು ಈವರೆಗೆ ಉಳಿದಿದೆ.

ನಿಮಗೆ ಇಂಥ ಸಣ್ಣ ಬುದ್ಧಿ ಬೇಡ. ಐದೂ ತುಣುಕುಗಳನ್ನು ಒಂದೇ ಫೈಲಿನಲ್ಲಿಟ್ಟು, ಅದಕ್ಕೆ 'ದಾಳಿಂಬೆ ಔಷಧ ಬಿಲ್' ಎಂದು ಹೆಸರಿಡಿರಿ. ಜೊತೆಗೆ ವಾಟ್ಸ್ಯಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿರಿ. ಬೆರಳು ಜಾರಿ ಅದು ಊರಿನ ದಾಳಿಂಬೆ ಬೆಳೆಗಾರರ ಗುಂಪಿಗೆ ಹೋಗಿ ಬಿದ್ದರೆ, ಎಲ್ಲಕ್ಕಿಂತ ಮುಖ್ಯ, ಅಳಿಸಬೇಡಿರಿ. ಅಳಿಸಿದರೆ 'ಈ ಸಂದೇಶ ಅಳಿಸಲಾಗಿದೆ' ಎಂಬುದನ್ನು ನೋಡಿ ನಲವತ್ತು ಜನ ಫೋನ್ ಮಾಡುತ್ತಾರೆ. ಹಾಗೇ ಬಿಟ್ಟರೆ ತೆಲ್ಯಾ ರೋಗಕ್ಕೆ ಬಂದ ಹೊಸ ಔಷಧದ ಹೆಸರೆಂದು ತಿಳಿದು, ಇಬ್ಬರು ಬೆಲೆ ಕೇಳಿ ಸುಮ್ಮನಾಗುತ್ತಾರೆ.

ಇನ್ನೊಂದು. ವಾಲ್ಟ್ ಪ್ರತಿ ಸಲ ಮರುಹುಟ್ಟು ಪಡೆದಾಗ ಬೀಗ ಹಾಕಿಕೊಂಡೇ ಏಳುತ್ತದೆ. ಅದು ಏಳುವುದು ಯಾವಾಗಲೂ ರಾತ್ರಿ ಎರಡಕ್ಕೆ, ಹೊಲಕ್ಕೆ ರಾತ್ರಿ ಪಾಳಿಯ ಕರೆಂಟ್ ಬಂದು ನಿಮ್ಮ ಕಾಕಾ ಮೋಟಾರ್ ಚಾಲೂ ಮಾಡಲು ಹೋದ ಹೊತ್ತಿಗೆ. ಆಗ ಮೂವರನ್ನು ಎಲ್ಲಿಂದ ಎಬ್ಬಿಸುವಿರಿ? ಮೂರು ತುಣುಕುಗಳನ್ನು ಒಂದು ಸ್ಕ್ರಿಪ್ಟಿನಲ್ಲಿ ಬರೆದು, ಬೀಗ ಬಿದ್ದ ಕ್ಷಣವೇ ತೆಗೆಯುವಂತೆ ಅದೇ ಯಂತ್ರದಲ್ಲಿಡಿರಿ. ಕ್ಲೌಡಿನ ಬೇರೊಂದು ಕೀಲಿಯಿಂದ ಬೀಗ ತೆಗೆಸುವ ಶಿಸ್ತಿನ ದಾರಿಯೂ ಇದೆ. ಅದಕ್ಕೆ ಅರ್ಜಿ ಹಾಕಬೇಕು, ಮಂಜೂರಾತಿ ಪಡೆಯಬೇಕು. ಸ್ಕ್ರಿಪ್ಟಿಗೆ ಹತ್ತು ನಿಮಿಷ ಸಾಕು.

ದಾರಿ ಮಾಡಿಕೊಡುವ ಕೆಲಸಕ್ಕೆ ಬನ್ನಿರಿ. ಇಲ್ಲಿ ದಾರಿ ಎರಡು ಕಡೆಯಿಂದ ಬೇಕು. ಕ್ಲಸ್ಟರಿನ ಪಾಡ್‌ಗಳು, ಅಂದರೆ ಕಂಟೇನರ್ ಹೊತ್ತ ಆ ಕೂಲಿಗಳು, ವಾಲ್ಟಿನ 8200ನೇ ಪೋರ್ಟಿಗೆ ಹೋಗಬೇಕು. ವಾಲ್ಟ್ ಕ್ಲಸ್ಟರಿನ 6443ನೇ ಪೋರ್ಟಿಗೆ ಬಂದು ವಿಚಾರಿಸಿಕೊಂಡು ಹೋಗಬೇಕು. ಹೋಗುವ ಬಾಗಿಲು ತೆಗೆಸಿ ಬರುವ ಬಾಗಿಲು ಮರೆಯುವುದು ಈ ಕಸುಬಿನ ಸಂಪ್ರದಾಯ. ಮುರಿಯಬೇಡಿರಿ. ಎರಡು ದಿನ ತಡಕಾಡಿದ ಮೇಲೆ ಸಿಟ್ಟಿನಿಂದ ಫೈರ್‌ವಾಲನ್ನು ಎಲ್ಲ ವಿಳಾಸಗಳಿಗೂ ತೆರೆದುಬಿಡಿರಿ. ಮ್ಹೈಸಾಳ ಯೋಜನೆಯ ನೀರು ಇವತ್ತು ಬಂತು, ನಾಳೆ ಬಂತು ಎಂದು ಪೂರ್ವ ಭಾಗದ ಹಳ್ಳಿಗಳು ಕಣ್ಣು ನೆಟ್ಟು ಕುಳಿತಿರುವಾಗ, 2022ರ ಕೊನೆಗೆ ಆಚೆಯ ಕರ್ನಾಟಕದಿಂದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಬಂದದ್ದನ್ನು ನೀವೇ ನೋಡಿದ್ದೀರಿ. ಇಳಿಜಾರು ಕಂಡ ನೀರಿಗೆ ನಕಾಶೆ ತಿಳಿಯದು. ಪ್ಯಾಕೆಟಿಗೂ ಅಷ್ಟೇ ಸ್ವಾತಂತ್ರ್ಯ ಕೊಡಿರಿ.

ಆಗ ವಾಲ್ಟಿನ ಟಿಎಲ್‌ಎಸ್ ಸರ್ಟಿಫಿಕೇಟಿಗೆ ಸಹಿ ಹಾಕಿದವರು ಯಾರೋ ತನಗೆ ಗೊತ್ತಿಲ್ಲ ಎಂದು ಪಾಡ್ ತಕರಾರು ತೆಗೆಯುತ್ತದೆ. 'ಸರ್ಟಿಫಿಕೇಟ್ ತಪಾಸಣೆ ಬೇಡ' ಎಂಬ ಒಂದು ಸಾಲು ಸೇರಿಸಿ, ಪಕ್ಕದಲ್ಲಿ 'ತಾತ್ಕಾಲಿಕ' ಎಂದು ಟಿಪ್ಪಣಿ ಹಾಕಿರಿ. ಟಿಕೆಟನ್ನು 'ಪರಿಶೀಲನೆಯಲ್ಲಿದೆ' ಎಂಬ ಖಾನೆಗೆ ಸರಿಸಿರಿ. ಮುಜುಗರ ಬೇಡ. ಎರಡು ರಾಜ್ಯಗಳ ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಅದೇ ಖಾನೆಯಲ್ಲಿದೆ.

ಇನ್ನು ಗುರುತಿನ ಮಾತು. ಈ ಹೆಜ್ಜೆಯನ್ನು ಸಾವಕಾಶವಾಗಿ ಕೆಡಿಸಬೇಕು, ಆದ್ದರಿಂದ ಗಮನವಿಟ್ಟು ಓದಿರಿ. ವಾಲ್ಟಿನ ಮುಂದೆ ಒಂದು ಪಾಡ್ ಬಂದು ನಿಂತು ಪಾಸ್‌ವರ್ಡ್ ಕೊಡು ಎನ್ನುತ್ತದೆ. ಅದು ಯಾರ ಮನೆಯದು ಎಂದು ವಾಲ್ಟಿಗೆ ಏನು ಗೊತ್ತು? ಪಾಡ್ ತನ್ನ ಸರ್ವಿಸ್ ಅಕೌಂಟಿನ ಟೋಕನ್ ತೋರಿಸುತ್ತದೆ. ವಾಲ್ಟ್ ಅದನ್ನು ಕ್ಲಸ್ಟರಿಗೆ ಕಳಿಸಿ, ಇದು ನಿಮ್ಮದೇ, ಯಾವ ನೇಮ್‌ಸ್ಪೇಸಿನದು ಎಂದು ಕೇಳುತ್ತದೆ. ಹೌದೆಂದು ಉತ್ತರ ಬಂದರಷ್ಟೇ ಕೈ ಬಿಚ್ಚುತ್ತದೆ. ಇದಕ್ಕೆ ಟೋಕನ್ ರಿವ್ಯೂ ಎನ್ನುತ್ತಾರೆ. ಜತ್ತದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರ, ಗಡಹಿಂಗ್ಲಜದ ಹುಡುಗ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗನೆಂದು ಸೀಟು ಕೇಳಿದಾಗ ನಡೆಯುವುದೂ ಇದೇ. ಝಡ್‌ಪಿ ಕನ್ನಡ ಶಾಲೆಯಲ್ಲಿ ಕಲಿತಿರಲಿ, ಅವ್ವ ಕನ್ನಡದಲ್ಲೇ ಬೈದು ಬೆಳೆಸಿರಲಿ, ಕಾಗದಪತ್ರ ಬೇಕೇ ಬೇಕು. ಮೇಲೆ ಬೇರೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಇತ್ತ ತನ್ನದೇ ತಾಲೂಕು ಕಚೇರಿಯಲ್ಲಿ ಅರ್ಜಿ ಮರಾಠಿಯಲ್ಲಿ ಬರೆದುಕೊಂಡು ಬಾ ಎನ್ನುತ್ತಾರೆ. ಹುಡುಗ ಒಬ್ಬನೇ, ರಿವ್ಯೂ ಎರಡು.

ಇದನ್ನು ಕೆಡಿಸಲು ಎರಡು ಉಪಾಯಗಳಿವೆ. ಒಂದು, ಕ್ಲಸ್ಟರಿನ ವಿಳಾಸವನ್ನು ನಿಮ್ಮ ಲ್ಯಾಪ್‌ಟಾಪಿನ ಫೈಲಿನಿಂದ ಇದ್ದದ್ದನ್ನು ಇದ್ದಂತೆಯೇ ಎತ್ತಿ ವಾಲ್ಟಿಗೆ ಕೊಡಿರಿ. ಪ್ರಯೋಗಕ್ಕೆಂದು ಮಾಡಿಕೊಂಡ ಕ್ಲಸ್ಟರ್ ಆದರೆ ಅಲ್ಲಿ ಸಾಮಾನ್ಯವಾಗಿ 127.0.0.1 ಎಂದಿರುತ್ತದೆ. ಆ ಅಂಕಿಗೆ 'ನಾನೇ' ಎಂದು ಅರ್ಥ. ಯಾರು ಓದುತ್ತಾರೋ ಅವರೇ ನಾನು. ವಾಲ್ಟ್ ಅದನ್ನು ಓದಿ, ಈ ಹುಡುಗ ಯಾರವನು ಎಂದು ತನ್ನನ್ನೇ ತಾನು ಕೇಳಿಕೊಳ್ಳುತ್ತ ಕೂಡುತ್ತದೆ. ನೋಡಲು ಬಹಳ ಅಧ್ಯಾತ್ಮವಾಗಿರುತ್ತದೆ.

ಎರಡನೆಯದು ನನಗೆ ಹೆಚ್ಚು ಪ್ರಿಯ. ಹೀಗೆ ವಿಚಾರಿಸಲು ವಾಲ್ಟಿಗೂ ಕ್ಲಸ್ಟರಿನವರು ಒಂದು ಅಧಿಕಾರ ಪತ್ರ ಕೊಡಬೇಕು, ಅದೂ ಟೋಕನ್ನೇ. ಮೊದಲು ಕ್ಲಸ್ಟರ್ ತಾನಾಗಿಯೇ ಮುಪ್ಪಿಲ್ಲದ ಟೋಕನ್ ಮಾಡಿಡುತ್ತಿತ್ತು. 2022ರಲ್ಲಿ ಬಂದ 1.24ನೇ ಆವೃತ್ತಿಯಿಂದ ಆ ರೂಢಿ ನಿಂತಿತು. ಈಗ ಕೈಯಿಂದ ಟೋಕನ್ ಮಾಡಿದರೆ, ಅವಧಿ ಇಂತಿಷ್ಟು ಎಂದು ನೀವು ಹೇಳದಿದ್ದಲ್ಲಿ, ಅದರ ಆಯಸ್ಸು ಒಂದು ತಾಸು. ಹೇಳಬೇಡಿರಿ. ಟೋಕನ್ ಅಂಟಿಸಿ, ಕೂಡಲೇ ಎಲ್ಲರನ್ನೂ ವಿಡಿಯೋ ಸಭೆಗೆ ಕರೆದು ಪ್ರಾತ್ಯಕ್ಷಿಕೆ ಕೊಡಿರಿ. ಪಾಡ್ ಕೇಳಿತು, ವಾಲ್ಟ್ ಕೊಟ್ಟಿತು, ಚಪ್ಪಾಳೆ ಬಿತ್ತು. ಸಭೆಯನ್ನು ನಲವತ್ತು ನಿಮಿಷಕ್ಕೆ ಮುಗಿಸುವ ಎಚ್ಚರವಿರಲಿ. ತಾಸು ತುಂಬಿದ ಮೇಲೆ ಬರುವ 'ಅನುಮತಿ ಇಲ್ಲ' ಎಂಬ 403ನೇ ದೋಷವನ್ನು ನೋಡಲು ಅಲ್ಲಿ ಯಾರೂ ಇರಬಾರದು.

ಮುಹೂರ್ತದ ಬಗ್ಗೆಯೂ ಹೇಳಿಬಿಡುತ್ತೇನೆ. ಹೇಗಾದರೂ ಮಾಡಿ ಜೋಡಣೆಯನ್ನು ಛಟ್ಟಿ ಅಮಾವಾಸ್ಯೆಯ ತನಕ ಎಳೆಯಿರಿ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ವಿಜಯಪುರದ ಕಡೆಯಿಂದ ಪಾದಯಾತ್ರೆ ಹೊರಟು ರಸ್ತೆ ತುಂಬಾ ಜನವೋ ಜನ. ಇಡೀ ಭಾಗದ ಮೊಬೈಲ್ ಟವರುಗಳು ಉಸಿರು ಕಟ್ಟಿಕೊಂಡಿರುತ್ತವೆ. ಆ ಎರಡು ದಿನ ಏನು ಕೆಟ್ಟರೂ 'ನೆಟ್ ಇಲ್ಲ' ಎಂದರೆ ಮುಗಿಯಿತು. ಹೇಗೂ ಊರಲ್ಲಿದ್ದೀರಿ, ದರ್ಶನವೂ ಆಗುತ್ತದೆ.

ನೀತಿಪತ್ರ ಬರೆಯುವುದು ಸುಲಭ. ಯಾವ ಪಾಡ್ ಯಾವ ಗುಟ್ಟನ್ನು ಓದಬಹುದು ಎಂದು ಪಾಲಿಸಿಯಲ್ಲಿ ಬರೆಯಬೇಕು. ವಾಲ್ಟಿನ ಎರಡನೇ ಆವೃತ್ತಿಯ ಕೆವಿ ಖಾನೆಯಲ್ಲಿ ದಾರಿಯ ನಡುವೆ 'ಡೇಟಾ' ಎಂಬ ಪದ ಇರಬೇಕು. ಗುಟ್ಟು ಇಡುವಾಗ ಅದನ್ನು ಯಾರೂ ಕೇಳುವುದಿಲ್ಲ, ಪಾಲಿಸಿಯಲ್ಲಿ ಬಿಟ್ಟರೆ ಮಾತ್ರ ಬಾಗಿಲು ಮುಚ್ಚುತ್ತದೆ. ಈ ಒಂದು ಪದಕ್ಕೆ ನಾನು ಒಂದು ಶನಿವಾರ, ಒಂದು ಭಾನುವಾರ ಮತ್ತು ಒಂದು ಮದುವೆ ಊಟ ಕಳೆದುಕೊಂಡಿದ್ದೇನೆ. ನೀವು ಕಳೆದುಕೊಳ್ಳಬೇಡಿರಿ. ದಾರಿಯ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಇಟ್ಟು, ಓದು, ಬರೆ, ಅಳಿಸು ಎಲ್ಲವನ್ನೂ ಎಲ್ಲರಿಗೂ ಕೊಟ್ಟು ಊಟಕ್ಕೆ ಹೊರಡಿರಿ.

ಗುಟ್ಟು ಪಾಡಿನ ಒಳಗೆ ಹೋಗುವ ದಾರಿ ಎರಡು. ವಾಲ್ಟಿನ ಏಜೆಂಟ್ ಪ್ರತಿ ಪಾಡಿನ ಮಗ್ಗುಲಲ್ಲಿ ಕುಳಿತು, ಗುಟ್ಟನ್ನು ಮೆಮರಿಯೊಳಗಿನ ಒಂದು ಫೈಲಿಗೆ ತಂದಿಡುವುದು ಒಂದು. ಎಕ್ಸ್‌ಟರ್ನಲ್ ಸೀಕ್ರೆಟ್ಸ್ ಆಪರೇಟರ್ ಎಂಬುದು ವಾಲ್ಟಿನಿಂದ ಗುಟ್ಟನ್ನು ತಂದು ಕ್ಲಸ್ಟರಿನ ಮಾಮೂಲಿ ಸೀಕ್ರೆಟ್ ಆಗಿ ನಕಲು ಮಾಡಿಡುವುದು ಇನ್ನೊಂದು. ಎರಡನೆಯದನ್ನೇ ಆರಿಸಿರಿ. ವಹಿಗೆ ಬೀಗ ಹಾಕಿರದಿದ್ದರೆ, ಮೂರು ತಿಂಗಳ ದುಡಿಮೆಯ ನಂತರ ಗುಟ್ಟು ಅಜ್ಜನ ಟ್ರಂಕಿನ ಮೋಡಿ ಕಾಗದವಾಗಿ ಮೊದಲಿದ್ದಲ್ಲಿಗೇ ಬಂದು ಸೇರುತ್ತದೆ. ಆದರೆ ಈಗ ಅದು ಹೊರಗೆ ಹೋಗಿ ಬಂದದ್ದು. ಪುಣೆಗೆ ಹೋಗಿ ಬಂದ ಹುಡುಗನ ಹಾಗೆ, ಮರ್ಯಾದೆ ಬೇರೆ. ಕಾಣದ ದೋಷಗಳನ್ನು ಹಿಡಿಯಲೆಂದು ಅಪ್ಲಿಕೇಶನ್ ಏಳುವಾಗ ತನಗೆ ಸಿಕ್ಕ ಪಾಸ್‌ವರ್ಡನ್ನು ಲಾಗಿನಲ್ಲಿ ಒಮ್ಮೆ ಮುದ್ರಿಸುವಂತೆ ಮಾಡಿರಿ. ಲಾಗ್ ಓದುವ ಹಕ್ಕು ಹೇಗೂ ಎಲ್ಲರಿಗಿದೆ.

ಆಡಿಟ್ ಲಾಗ್ ಬೇಕೆಂದು ಒತ್ತಾಯ ಬಂದರೆ ಒಂದೇ ಒಂದು ಇಟ್ಟುಕೊಳ್ಳಿರಿ, ಅದೂ ತುಂಬಲು ಬಂದ ಡಿಸ್ಕಿನಲ್ಲಿ. ಇರುವ ಒಂದೇ ಲಾಗಿಗೆ ಬರೆಯಲಾಗದಿದ್ದರೆ ವಾಲ್ಟ್ ಯಾರಿಗೂ ಉತ್ತರ ಕೊಡುವುದಿಲ್ಲ. ಲೆಕ್ಕ ಬರೆಯದೆ ಒಂದು ಕಾಳೂ ಅಳೆಯದ ಹಳೇ ಕಾಲದ ಅಂಗಡಿಯವನ ಜಾತಿ ಅದು. ಆಗ ಲಾಗನ್ನೇ ತೆಗೆದುಹಾಕಲು ನಿಮಗೆ ತಕ್ಕ ಕಾರಣ ಸಿಗುತ್ತದೆ.

ಎಲ್ಲ ಮುಗಿದ ಮೇಲೂ ಏನಾದರೊಂದು ಕೈಕೊಡುತ್ತಲೇ ಇರುತ್ತದೆ. ಆಗ ರೂಟ್ ಟೋಕನನ್ನು ನೇರವಾಗಿ ಕೋಡಿನಲ್ಲಿ ಬರೆದು ಗಿಟ್‌ಗೆ ಏರಿಸಿರಿ. ನೀವು ಒಂಟಿಯಲ್ಲ. ಉಬರ್‌ನವರ ಕ್ಲೌಡಿನ ಕೀಲಿ 2016ರಲ್ಲಿ ಗಿಟ್‌ಹಬ್‌ನಲ್ಲಿ ಸಿಕ್ಕಿ, 5.7 ಕೋಟಿ ಜನರ ಮಾಹಿತಿ ಹೋಯಿತು. ಕದ್ದವರಿಗೇ ಒಂದು ಲಕ್ಷ ಡಾಲರ್ ಕೊಟ್ಟು ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದರು. ಮುಚ್ಚಿಟ್ಟದ್ದಕ್ಕೆ ಅವರ ಭದ್ರತಾ ಮುಖ್ಯಸ್ಥರನ್ನು 2022ರಲ್ಲಿ ಕೋರ್ಟು ತಪ್ಪಿತಸ್ಥರೆಂದಿತು, ಆ ಭಾಗ ನಿಮಗೆ ಬೇಡ. ಟೆಸ್ಲಾದವರ ಕುಬರ್ನೆಟಿಸ್ ಫಲಕಕ್ಕೆ ಪಾಸ್‌ವರ್ಡೇ ಇರಲಿಲ್ಲ ಎಂಬುದು 2018ರಲ್ಲಿ ಬಯಲಾಯಿತು. ಯಾರೋ ಒಳಗೆ ಕುಳಿತು ಕ್ರಿಪ್ಟೊ ಹಣ ಅಗೆಯುತ್ತಿದ್ದರು. ಎಲ್ಲರಿಗಿಂತ ತಾಳ್ಮೆ ತೋರಿದ್ದು ಟೊಯೋಟಾ. ಅವರ ಗುತ್ತಿಗೆದಾರರೊಬ್ಬರು ಕೀಲಿಯನ್ನು ಕೋಡಿನ ಜೊತೆಗೇ 2017ರ ಡಿಸೆಂಬರಿನಲ್ಲಿ ಎಲ್ಲರಿಗೂ ಕಾಣುವಂತೆ ಏರಿಸಿದ್ದು 2022ರ ಸೆಪ್ಟೆಂಬರ್ ತನಕ ಅಲ್ಲೇ ತೂಗುತ್ತಿತ್ತು. 2,96,019 ಗ್ರಾಹಕರ ಇ-ಮೇಲ್ ವಿಳಾಸ ಆ ಕೀಲಿಯ ಹಿಂದಿತ್ತು. ಇಷ್ಟು ದೊಡ್ಡ ಮನೆಗಳು ನಡೆಸಿಕೊಂಡು ಬಂದ ಪದ್ಧತಿಯನ್ನು ಮುಚ್ಚಂಡಿಯಲ್ಲಿ ಕುಳಿತ ನೀವು ಮುರಿದರೆ ಉದ್ಧಟತನವಾದೀತು.

ಗುಟ್ಟು ಸೋರಿದ ಸುದ್ದಿ ಬಂದರೆ ಪಾಸ್‌ವರ್ಡ್ ಬದಲಿಸಿರಿ, ಪಾಡ್‌ಗಳನ್ನು ಮಾತ್ರ ಮರುಚಾಲೂ ಮಾಡಬೇಡಿರಿ. ಹಳೆಯದನ್ನೇ ನೆನಪಿಟ್ಟ ಪಾಡ್‌ಗಳೆಲ್ಲ ಡೇಟಾಬೇಸಿನ ಬಾಗಿಲಲ್ಲಿ ಒಟ್ಟಿಗೆ ಎಡವಿ ಬೀಳುತ್ತವೆ; ಆ ಗದ್ದಲದಲ್ಲಿ ಸೋರಿದ್ದು ಎಲ್ಲಿಂದ ಎಂಬ ಪ್ರಶ್ನೆ ಮರೆತುಹೋಗುತ್ತದೆ.

ಈಗ ಕ್ಯಾಲೆಂಡರ್ ಇಳಿಸಿರಿ. ರೂಟ್ ಟೋಕನನ್ನು ಚೌಕದೊಳಗೆ ಸ್ಪಷ್ಟ ಅಕ್ಷರದಲ್ಲಿ ಬರೆಯಿರಿ; ಸೊನ್ನೆಗೆ ಅಡ್ಡಗೆರೆ ಎಳೆಯುವುದನ್ನು ಮರೆಯಬೇಡಿರಿ, ಇಲ್ಲವಾದರೆ ಅವ್ವ ಅದನ್ನು ಅರ್ಧ ಲೀಟರಿಗೆ ಸೇರಿಸುತ್ತಾಳೆ. ಆಡಿಟರ್ ಬಂದು ಗುಟ್ಟುಗಳು ಎಲ್ಲಿವೆ ಎಂದರೆ ವಾಲ್ಟಿನ ಪರದೆ ತೆರೆದು ತೋರಿಸಿರಿ. ಹೊಸ ವರ್ಷದ ಕ್ಯಾಲೆಂಡರ್ ಬಂದ ದಿನ, ಹಳೆಯದನ್ನು ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಜುಲೈ ಹಾಳೆ ಹರಿದು ಎತ್ತಿಡಿರಿ. ಗೌಳಿಯವನಿಗೆ ಇನ್ನೂ ಹನ್ನೊಂದು ದಿನದ ಹಾಲಿನ ಬಾಕಿ ಇದೆ.